ಹಾಡು-ಸೀರಿಯಲ್ ರುಚಿ ಸೇರುತ್ತೆ, ಮೂರನೇ ದಿನಕ್ಕೆ ಮಾತು ಖಾಲಿ. ಮುಂದೇನು?

ಅರ್ಧರಾತ್ರಿ_ರೇಡಿಯೋ
ಒಂದೇ ತರಹದ ಹಾಡು, ಒಂದೇ ತರಹದ ಸೀರಿಯಲ್ ಇಷ್ಟಪಡೋ ಹೊಸಬರ ಪರಿಚಯ ಆದಾಗ ಮೊದಲ ದಿನದ ಮಾತು ಭರ್ಜರಿಯಾಗೇ ಇರುತ್ತೆ. ‘ಅಯ್ಯೋ, ಅದು ನಿಮಗೂ ಇಷ್ಟಾನಾ!’ ಅಂತ ಆ ಕಡೆಯಿಂದ ಹತ್ತು ಹೆಸರು, ಈ ಕಡೆಯಿಂದ ಹತ್ತು ಹೆಸರು. ಮೂರನೇ ದಿನಕ್ಕೆ ಹೆಸರೂ ಖಾಲಿ, ಮಾತೂ ಖಾಲಿ. ಆಮೇಲೆ ಈ ಕಡೆಯಿಂದ ಒಂದು ಲಿಂಕ್, ಆ ಕಡೆಯಿಂದ ಒಂದು ಹೆಬ್ಬೆರಳು. ಅಲ್ಲಿಗೆ ಮುಗೀತು.

ರುಚಿ ಸೇರಿದ ಮಾತ್ರಕ್ಕೆ ಸ್ನೇಹ ಆಗಲ್ಲ ಅನ್ನೋದು ಗೊತ್ತು. ಅಲ್ಲಿಂದ ಮುಂದಕ್ಕೆ ಎಳೆಯೋದು ಹೇಗೆ? ಏನು ಕೇಳಬೇಕು, ಯಾವ ಆ್ಯಪ್ ನಿಜಕ್ಕೂ ಕೆಲಸಕ್ಕೆ ಬರುತ್ತೆ, ದೂರ ಇರೋರ ಜೊತೆ ಸೀರಿಯಲ್ ನೋಡೋದಾದ್ರೆ ಯಾವ ಕ್ರಮ? ‘ಮನಸ್ಸು ಬಿಚ್ಚಿ ಮಾತಾಡಿ’ ತರಹದ ಉಪದೇಶ ಬೇಡ, ಕೈ ಮುಗೀತೀನಿ.

ಹಳೇ_ಕ್ಯಾಸೆಟ್
ತಪ್ಪು ಮೊದಲ ದಿನದಲ್ಲೇ ಇದೆ ಕಣ್ರೀ. ಹತ್ತು ಹೆಸರು ಒಂದೇ ಉಸಿರಲ್ಲಿ ಸುರಿದುಬಿಟ್ಟರೆ ಹತ್ತು ದಿನದ ಮಾತು ಒಂದೇ ದಿನಕ್ಕೆ ಖರ್ಚಾಯ್ತು. ದಿನಕ್ಕೆ ಒಂದು ಹಾಡು ಸಾಕು. ಅದನ್ನೂ ‘ಇಷ್ಟಾನಾ’ ಅಂತ ಕೇಳಬೇಡಿ, ಅದಕ್ಕೆ ಹೂಂ, ಊಹೂಂ ಬಿಟ್ಟರೆ ಉತ್ತರ ಇಲ್ಲ. ‘ಆ ಹಾಡಲ್ಲಿ ಯಾವ ಜಾಗ ಬಂದಾಗ ಸೌಂಡ್ ಜಾಸ್ತಿ ಮಾಡ್ತೀರಿ?’ ಅಂತ ಕೇಳಿ. ಒಬ್ಬರು ಎರಡನೇ ಚರಣಕ್ಕೆ ಮುಂಚೆ ಬರೋ ಕೊಳಲು ಅಂತಾರೆ, ಇನ್ನೊಬ್ಬರು ಸಾಹಿತ್ಯದ ಒಂದು ಸಾಲು ಅಂತಾರೆ. ಹಾಡು ಒಂದೇ, ಕೇಳೋ ಕಾರಣ ಬೇರೆ ಅಂತ ಆಗ ಗೊತ್ತಾಗುತ್ತೆ. ಮಾತು ಶುರುವಾಗೋದು ಅಲ್ಲಿಂದ.

ಸೀರಿಯಲ್ ಆದ್ರೆ ಹೀಗೆ: ‘ಯಾವ ಕಂತಲ್ಲಿ ಸಾಕಪ್ಪಾ, ಬಿಟ್ಟುಬಿಡೋಣ ಅನ್ನಿಸ್ತು? ಮತ್ತೆ ಯಾಕೆ ಬಿಡಲಿಲ್ಲ?’

ಬಿಸಿಲು_ಮಳೆ
‘ಊರೆಲ್ಲ ಹೊಗಳೋದು, ನಿಮಗೆ ಮಾತ್ರ ಹಿಡಿಸದೇ ಇರೋದು ಯಾವುದು?’ ಇದೂ ಒಳ್ಳೆ ಪ್ರಶ್ನೆ. ಆದ್ರೆ ಎರಡನೇ ವಾರಕ್ಕೆ ಇಟ್ಕೊಳ್ಳಿ. ಮೊದಲ ದಿನವೇ ಕೇಳಿದ್ರೆ ಅವರು ಪ್ರಾಣ ಬಿಡೋ ಗಾಯಕರನ್ನೇ ನೀವು ಬೈದು ಕೂತಿರ್ತೀರಿ.

ಶ್ರುತಿಪೆಟ್ಟಿಗೆ
ಮೊದಲ ವಾರ ಹಾಡಿನ ಮಾತೇ ಮುಂದೆ ಬರೋದು ಸಹಜ. ರೆಂಟ್‌ಫ್ರೋ ಮತ್ತು ಗಾಸ್ಲಿಂಗ್ ಅನ್ನೋ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರಿಚಯವೇ ಇಲ್ಲದ ವಿದ್ಯಾರ್ಥಿಗಳನ್ನ ಜೋಡಿ ಮಾಡಿ, 6 ವಾರ ಇಂಟರ್‌ನೆಟ್‌ನಲ್ಲಿ ಮಾತಾಡಿ ಪರಿಚಯ ಮಾಡ್ಕೊಳ್ಳಿ ಅಂತ ಬಿಟ್ಟಿದ್ರು. ಪುಸ್ತಕ, ಸಿನಿಮಾ, ಟಿವಿ, ಆಟ ಎಲ್ಲಾ ಹಿಂದೆ ಬಿತ್ತು, ಸಂಗೀತ ಮುಂದೆ ಬಂತು. ಅದರ ಇನ್ನೊಂದು ಭಾಗದಲ್ಲಿ ಅಪರಿಚಿತರ ಅಚ್ಚುಮೆಚ್ಚಿನ 10 ಹಾಡು ಮಾತ್ರ ಕೇಳಿಸಿ ಸ್ವಭಾವ ಊಹಿಸಿ ಅಂದ್ರು. ಹೊಸತಕ್ಕೆ ಎಷ್ಟು ತೆರೆದ ಮನಸ್ಸು ಅನ್ನೋದನ್ನ ಜನ ಎಲ್ಲಕ್ಕಿಂತ ಚೆನ್ನಾಗಿ ಊಹಿಸಿದ್ರು.

ಆದ್ರೆ ಅಷ್ಟೇ. ಹೇಳಿದ ಹೊತ್ತಿಗೆ ಬರ್ತಾರಾ, ಇಸ್ಕೊಂಡಿದ್ದನ್ನ ವಾಪಸ್ ಕೊಡ್ತಾರಾ ಅನ್ನೋದಕ್ಕೆ ಪ್ಲೇಲಿಸ್ಟ್ ನಂಬ್ಕೋಬೇಡಿ.

ಸ್ಕಿಪ್_ಇಂಟ್ರೋ
ಆ್ಯಪ್ ಕೇಳಿದ್ರಲ್ಲ. ಸ್ಪಾಟಿಫೈನಲ್ಲಿ ಬ್ಲೆಂಡ್ ಅಂತ ಇದೆ, 2021ರಲ್ಲಿ ಬಂದದ್ದು. ಲಿಂಕ್ ಕಳಿಸಿ, ಆ ಕಡೆಯವರು ಒಪ್ಪಿದ್ರೆ ಇಬ್ಬರ ಹಾಡೂ ಬೆರೆಸಿದ ಪ್ಲೇಲಿಸ್ಟ್ ಆಗುತ್ತೆ, ದಿನಾ ಬದಲಾಗುತ್ತೆ, ಪ್ರತಿ ಹಾಡಿನ ಪಕ್ಕ ಅದು ಯಾರ ಕಡೆಯಿಂದ ಬಂತು ಅಂತ ಚಿತ್ರ ಇರುತ್ತೆ. 10 ಜನರ ತನಕ ಸೇರಬಹುದು. ರುಚಿ ಎಷ್ಟು ಪರ್ಸೆಂಟ್ ಸೇರುತ್ತೆ ಅಂತಲೂ ತೋರಿಸುತ್ತೆ.

ಕೈ ಕೊಡೋದು ಎಲ್ಲಿ ಅಂದ್ರೆ, ಮಗು ಮಲಗಿಸೋಕೆ ಹಾಕಿದ ಲಾಲಿ, ನಿದ್ದೆಗೆ ಅಂತ ರಾತ್ರಿಯಿಡೀ ಓಡೋ ಮಳೆ ಶಬ್ದ, ಎಲ್ಲಾ ನಿಮ್ಮ ರುಚಿ ಅಂತಲೇ ಲೆಕ್ಕ ಆಗುತ್ತೆ. ಅಂಥ ಲಾಲಿ, ಮಳೆ ಶಬ್ದದ ಪ್ಲೇಲಿಸ್ಟ್‌ನ ಮೂರು ಚುಕ್ಕಿ ಒತ್ತಿ, ರುಚಿಯ ಲೆಕ್ಕದಿಂದ ಹೊರಗಿಡೋ ಆಯ್ಕೆ ಹಾಕಿ. ಅಥವಾ ಅಂಥದ್ದು ಕೇಳೋವಾಗ ಪ್ರೈವೇಟ್ ಸೆಷನ್ ಆನ್ ಮಾಡಿ. ಬ್ಲೆಂಡ್ ಮಾಡೋ ಹಿಂದಿನ ದಿನ ಎಚ್ಚೆತ್ತರೆ ಪ್ರಯೋಜನ ಇಲ್ಲ, ಕೆಲವು ವಾರ ಮೊದಲೇ ಸರಿಮಾಡಿರಬೇಕು.

ಎಡಗಡೆ_ಸ್ಪೀಕರ್
ಅಲ್ರಿ, ಸ್ನೇಹಕ್ಕ ಪರ್ಸೆಂಟ್ ಯಾಕ ಬೇಕ್ರಿ? ಪರೀಕ್ಷಾ ಬರದೀರೇನು? ನೂರಕ್ಕ ತೊಂಬತ್ತು ಬಂತು ಅಂದ್ರ ಒಬ್ಬರಿಗೊಬ್ಬರು ಹೊಸಾದು ಏನ್ ಕೊಡೋದು? ಇಬ್ಬರ ಬುಟ್ಟಿಯಾಗೂ ಅವ ಹಾಡು. ಅರ್ಧಕ್ಕರ್ಧ ಕೂಡಿದ್ರ ಛಲೋ. ಮಾತಾಡಾಕ ಒಂದಿಷ್ಟು ಇರ್ತಾವ, ಕಲಿಯಾಕ ಒಂದಿಷ್ಟು ಸಿಗತಾವ.

ಹಳೇ_ಕ್ಯಾಸೆಟ್
ಪರ್ಸೆಂಟ್ ಹೇಗೆ ಹುಟ್ಟುತ್ತೆ ಅಂತ ಗೊತ್ತಾದ್ರೆ ಅದರ ಮೇಲಿನ ಭಕ್ತಿ ಅರ್ಧ ಇಳಿಯುತ್ತೆ. ನೀವು ಕೇಳಿದ ಹಾಡಿನ ಲೆಕ್ಕ ಇಡೋ ಲಾಸ್ಟ್.ಎಫ್‌ಎಂ ಅನ್ನೋ ತಾಣದ ನಿಯಮ ನೋಡಿ. ಹಾಡು 30 ಸೆಕೆಂಡಿಗಿಂತ ಉದ್ದ ಇರಬೇಕು, ಅರ್ಧ ಭಾಗ ಅಥವಾ 4 ನಿಮಿಷ, ಯಾವುದು ಮೊದಲೋ ಅಷ್ಟು ಕೇಳಿದ್ರೆ ಒಂದು ಲೆಕ್ಕ. 20 ನಿಮಿಷದ ಆಲಾಪ ಕಣ್ಣು ಮುಚ್ಚಿ ಪೂರ್ತಿ ಕೇಳಿದವರಿಗೆ ಒಂದೇ ಅಂಕ. ಅದೇ 20 ನಿಮಿಷದಲ್ಲಿ ಮೂರು ಮೂರು ನಿಮಿಷದ ಹಾಡು ಹಾಕ್ಕೊಂಡು ಪಾತ್ರೆ ತೊಳೆದವರಿಗೆ ಆರು ಅಂಕ. ಉದ್ದ ಸಂಗೀತ ಕೇಳೋರ ಪಟ್ಟಿ ಯಾವಾಗಲೂ ಬಡಕಲಾಗೇ ಕಾಣುತ್ತೆ. ಒಬ್ಬರೇ ಕಲಾವಿದರ ಹೆಸರನ್ನ ಎರಡು ಕಾಗುಣಿತದಲ್ಲಿ ಬರೆದಿದ್ರೆ ಎರಡು ಪಾಲಾಗುತ್ತೆ, ಅದು ಬೇರೆ ತಲೆನೋವು.

ಹಾಗಾಗಿ ಅಂಕಿ ನೋಡಬೇಡಿ, ಪಟ್ಟಿ ನೋಡಿ. ಅದರಲ್ಲೂ ಇಬ್ಬರಲ್ಲೂ ಇರೋ, ಬೇರೆಯವರ ಹತ್ತಿರ ಅಷ್ಟಾಗಿ ಕಾಣದ ಒಂದು ಹೆಸರು ಹುಡುಕಿ. ಲಕ್ಷಾಂತರ ಜನ ಕೇಳೋ ಹಾಡು ಇಬ್ಬರಿಗೂ ಇಷ್ಟ ಅಂದ್ರೆ ಅದು ಸುದ್ದಿಯೇ ಅಲ್ಲ.

ಶ್ರುತಿಪೆಟ್ಟಿಗೆ
ಎಡಗಡೆ ಸ್ಪೀಕರ್ ಅವರ ಮಾತಿಗೆ ಒಂದು ಸೇರ್ಪಡೆ. ಡಯಾನಾ ಬೋಯರ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದ್ದು ಏನಂದ್ರೆ, ಒಂದೇ ಸಂಗೀತ ಇಷ್ಟಪಡೋರು ಹತ್ತಿರ ಆಗೋದು ಹಾಡಿನಿಂದಲೇ ಅಲ್ಲ. ಬದುಕಲ್ಲಿ ಯಾವುದು ಮುಖ್ಯ ಅನ್ನೋ ವಿಷಯದಲ್ಲೂ ಹೋಲಿಕೆ ಇದೆ ಅಂತ ಅದರಿಂದ ಕಾಣೋದರಿಂದ. ‘ಯಾವ ಜಾಗ’ ಅಂತ ಕೇಳೋ ಪ್ರಶ್ನೆ ಕೆಲಸ ಮಾಡೋದು ಅದಕ್ಕೇ. ಸಾಲು ಇಷ್ಟ ಅಂದವರ ಹತ್ತಿರ ‘ಯಾಕೆ ಆ ಸಾಲು’ ಅಂತ ಕೇಳಿದ್ರೆ ಹಾಡು ಪಕ್ಕಕ್ಕೆ ಸರಿದು ಮನುಷ್ಯ ಕಾಣ್ತಾನೆ.

ಬಿಸಿಲು_ಮಳೆ
ಇಬ್ಬರೂ ಕೂಡಿ ಮಾಡೋ ಪ್ಲೇಲಿಸ್ಟ್ ಬ್ಲೆಂಡ್‌ಗಿಂತ ವಾಸಿ. ಅಲ್ಲಿ ಯಂತ್ರ ಆರಿಸಲ್ಲ, ನೀವೇ ಆರಿಸಬೇಕು. ಆದ್ರೆ ಕಟ್ಟುಪಾಡು ಇಲ್ದಿದ್ರೆ ಒಬ್ಬರು 140 ಹಾಡು ಸುರೀತಾರೆ, ಇನ್ನೊಬ್ಬರು ತೆರೆದೇ ನೋಡಲ್ಲ.

ವಾರಕ್ಕೆ ತಲಾ 5 ಹಾಡು, ಹೆಚ್ಚಿಲ್ಲ. ಒಟ್ಟು 20 ದಾಟಬಾರದು. ಹಾಡಿಗೆ 4 ನಿಮಿಷ ಅಂದ್ಕೊಂಡ್ರೂ ಅದು 80 ನಿಮಿಷ, ಒಂದು ಸಲ ಹೋಗಿ ಬರೋ ದಾರಿಯಲ್ಲಿ ಮುಗಿಯುತ್ತೆ. 21ನೇದು ಹಾಕೋ ಮುಂಚೆ ತನ್ನದೇ ಒಂದನ್ನ ತೆಗೀಬೇಕು, ಇನ್ನೊಬ್ಬರದ್ದು ಮುಟ್ಟಬಾರದು. ಆ್ಯಪ್ ಯಾರು ಬೇಕಾದ್ರೂ ತೆಗೆಯೋಕೆ ಬಿಡುತ್ತೆ, ಜಗಳ ಹುಟ್ಟೋದೇ ಅಲ್ಲಿ. ಪ್ರತಿ ಹಾಡಿನ ಜೊತೆ ಮೆಸೇಜಲ್ಲಿ ಒಂದು ಸಾಲು: ಇದನ್ನ ಯಾಕೆ ಹಾಕಿದೆ. ‘ಸೂಪರ್’ ಅನ್ನೋದು ಸಾಲು ಅಲ್ಲ.

ಅರ್ಧರಾತ್ರಿ_ರೇಡಿಯೋ
ಇದು ಚೆನ್ನಾಗಿದೆ. ಅವರು ಹಾಕಿದ ಹಾಡು ಹಿಡಿಸದಿದ್ರೆ? ಸುಮ್ಮನೆ ‘ಚೆನ್ನಾಗಿದೆ’ ಅಂದುಬಿಡೋದಾ?

ಎಡಗಡೆ_ಸ್ಪೀಕರ್
ಬ್ಯಾಡ್ರಿ! ಒಮ್ಮೆ ಸುಳ್ಳು ಹೇಳಿದ್ರ ಅಂಥಾವ ಇನ್ನ ಹತ್ತು ಬರತಾವ. ‘ಪಲ್ಲವಿ ತನಕ ಹಿಡದಿತ್ತು, ಆಮ್ಯಾಲ ಡ್ರಮ್ ದನಿನ ನುಂಗಿಬಿಡ್ತು’ ಅಂತ ಹೇಳ್ರಿ. ಎಲ್ಲಿ ಕೈ ಬಿಟ್ಟಿತು ಅಂತ ಹೇಳಿದ್ರ ಯಾರಿಗೂ ಸಿಟ್ಟು ಬರಂಗಿಲ್ಲ. ‘ನನಗ ಇಂಥಾವು ಸೇರಂಗಿಲ್ಲ’ ಅಂದ್ರ ಬಾಗಿಲಾ ಹಾಕಿದಂಗ.

ಮ್ಯೂಟ್_ಬಟನ್
ಮಾರಾಯ್ರೆ, ಸೀರಿಯಲ್ ವಿಷಯ ಎಲ್ಲರೂ ಬಿಟ್ಟೇಬಿಟ್ಟಿರಿ. ದೂರದಲ್ಲಿದ್ದವರ ಜೊತೆ ಒಟ್ಟಿಗೆ ನೋಡ್ಲಿಕ್ಕೆ ಎರಡು ದಾರಿ ಉಂಟು.

ಒಂದು, ಟೆಲಿಪಾರ್ಟಿಯಂಥ ಎಕ್ಸ್‌ಟೆನ್ಷನ್. ಮೊದಲು ನೆಟ್‌ಫ್ಲಿಕ್ಸ್ ಪಾರ್ಟಿ ಅಂತ ಹೆಸರಿತ್ತು, 2020ರಲ್ಲಿ ಬದಲಾಯಿತು. ಕಂಪ್ಯೂಟರ್ ಬ್ರೌಸರಿನಲ್ಲಿ ಹಾಕಿಕೊಂಡರೆ ಒಬ್ಬರು ನಿಲ್ಲಿಸಿದಾಗ ಎಲ್ಲರದ್ದೂ ನಿಲ್ತದೆ, ಪಕ್ಕದಲ್ಲಿ ಚಾಟ್ ಇರ್ತದೆ. ಪ್ರತಿಯೊಬ್ಬರಿಗೂ ಅವರವರದ್ದೇ ಚಂದಾ ಬೇಕು.

ಇನ್ನೊಂದು ಕೈಯಲ್ಲಿ ಒತ್ತುವುದು. ಟಿವಿಯಲ್ಲಿ ನೋಡುವವರಿಗೆ ಇದೇ ಗತಿ. ಎಲ್ಲರೂ 10ನೇ ಸೆಕೆಂಡಿಗೆ ತಂದು ನಿಲ್ಲಿಸಿ. ಒಬ್ಬರು ಮಾತ್ರ ಎಣಿಸಬೇಕು: ‘ಮೂರು, ಎರಡು, ಒಂದು, ಒತ್ತು.’ ಒತ್ತಬೇಕಾದ್ದು ‘ಒತ್ತು’ ಅಂದಾಗ, ‘ಒಂದು’ ಅಂದಾಗ ಅಲ್ಲ. ಇದನ್ನು ಮೊದಲೇ ಹೇಳದಿದ್ದರೆ ಅರ್ಧ ಜನ ಒಂದು ಸೆಕೆಂಡ್ ಮುಂದೆ ಓಡಿರ್ತಾರೆ, ಇಡೀ ಕಂತು ಅವರ ನಗು ನಿಮ್ಮ ಜೋಕಿಗಿಂತ ಮುಂಚೆ ಬರ್ತದೆ.

ಹಾಳಾಗುವ ಜಾಗ ಇನ್ನೂ ಉಂಟು. ಒಬ್ಬರದ್ದು ಜಾಹೀರಾತು ಬರುವ ಚಂದಾ, ಇನ್ನೊಬ್ಬರದ್ದು ಬರದ್ದು ಅಂತಾದರೆ ಜಾಹೀರಾತು ಬಂದಲ್ಲೆಲ್ಲ ಹೊಂದಾಣಿಕೆ ತಪ್ತದೆ. ‘ಹಿಂದಿನ ಕಂತಿನಲ್ಲಿ’ ಅನ್ನುವ ಭಾಗವನ್ನು ಒಬ್ಬರು ಹಾರಿಸಿ ಇನ್ನೊಬ್ಬರು ನೋಡಿದರೂ ಅಷ್ಟೆ. ಅರ್ಧ ಮುಗಿದಾಗ ಒಮ್ಮೆ ನಿಲ್ಲಿಸಿ ನಿಮಿಷ-ಸೆಕೆಂಡ್ ಹೇಳಿಕೊಳ್ಳಿ, ಹೆಚ್ಚುಕಮ್ಮಿ ಇದ್ದರೆ ಮುಂದಿದ್ದವರು ಕಾಯಬೇಕು.

ಸ್ಕಿಪ್_ಇಂಟ್ರೋ
ಇಷ್ಟೆಲ್ಲ ಯಾಕೆ ಗುರು? ಒಬ್ಬರು ಸ್ಕ್ರೀನ್ ಶೇರ್ ಮಾಡಿದ್ರೆ ಆಯ್ತಲ್ಲ.

ಮ್ಯೂಟ್_ಬಟನ್
ಮಾಡಿ ನೋಡಿ, ಕಪ್ಪು ಪರದೆ ಬರ್ತದೆ. ದನಿ ಕೇಳ್ತದೆ, ಚಿತ್ರ ಇಲ್ಲ. ಚಿತ್ರಕ್ಕೆ ನಕಲು ತಡೆಯುವ ಬೀಗ ಹಾಕಿರ್ತಾರೆ, ಪರದೆ ಸೆರೆಹಿಡಿಯುವ ಸಾಫ್ಟ್‌ವೇರಿಗೆ ಅದು ಸಿಗುವುದಿಲ್ಲ. ಬೀಗ ಒಡೆಯುವ ಉಪಾಯ ಯಾರಾದರೂ ಹೇಳ್ಲಿಕ್ಕೆ ಬಂದರೆ ಬೇಡ, ಚಂದಾ ಒಪ್ಪಂದಕ್ಕೆ ವಿರುದ್ಧ ಅದು.

ಶ್ರುತಿಪೆಟ್ಟಿಗೆ
ಕಾಲ್‌ನಲ್ಲಿ ಮಾತಾಡ್ತಾ ನೋಡೋರು ಎಲ್ಲರೂ ಹೆಡ್‌ಫೋನ್ ಹಾಕಲೇಬೇಕು. ಒಬ್ಬರ ಸ್ಪೀಕರ್ ಶಬ್ದ ಅವರ ಮೈಕಿಗೆ ಹೋದ್ರೆ ಸಂಭಾಷಣೆ ಎಲ್ಲರಿಗೂ ಎರಡೆರಡು ಸಲ ಕೇಳುತ್ತೆ. ಬ್ಲೂಟೂತ್ ಹೆಡ್‌ಫೋನ್ ಆದ್ರೆ ಇನ್ನೊಂದು ಕಾಟ: ಅದರದ್ದೇ ಮೈಕ್ ಆನ್ ಆದ ಕೂಡಲೇ ಸಾಮಾನ್ಯವಾಗಿ ಅದು ಫೋನ್ ಕರೆಯ ಮಟ್ಟಕ್ಕೆ ಇಳಿದು, ಸಂಗೀತ ಡಬ್ಬದೊಳಗಿಂದ ಬಂದ ಹಾಗೆ ಆಗುತ್ತೆ. ಕೇಳೋದು ಬ್ಲೂಟೂತ್‌ನಲ್ಲಿ ಇರಲಿ, ಮೈಕ್ ಮಾತ್ರ ಲ್ಯಾಪ್‌ಟಾಪ್‌ದೇ ಅಂತ ಸೆಟಿಂಗ್ಸ್‌ನಲ್ಲಿ ಆರಿಸಿ. ವೈರ್ ಇದ್ರೆ ಇನ್ನೂ ಒಳ್ಳೇದು.

ಹಾಡಿ ತೋರಿಸೋದು, ವಾದ್ಯ ನುಡಿಸೋದು ಇದ್ರೆ ಗದ್ದಲ ತಡೆಯೋ ಸೌಲಭ್ಯ ಆಫ್ ಮಾಡಿ. ಮಾತು ಬಿಟ್ಟು ಉಳಿದಿದ್ದೆಲ್ಲ ಗದ್ದಲ ಅಂತ ಅದು ತಿಳ್ಕೊಂಡಿರುತ್ತೆ. ಎಳೆದ ಸ್ವರವನ್ನ ಫ್ಯಾನ್ ಶಬ್ದ ಅಂತ ಅಳಿಸಿಹಾಕುತ್ತೆ. ಜೂಮ್‌ನಲ್ಲಾದ್ರೆ ಮೂಲ ಧ್ವನಿ ಅನ್ನೋ ಆಯ್ಕೆ ಹಾಕಿ, ಡಿಸ್ಕಾರ್ಡ್‌ನಲ್ಲಿ ಕ್ರಿಸ್ಪ್ ಅನ್ನೋ ಗದ್ದಲ ತಡೆ ಆಫ್ ಮಾಡಿ.

ಬಿಸಿಲು_ಮಳೆ
ಕಾಲ್‌ನಲ್ಲಿ ಇಬ್ಬರೂ ಒಟ್ಟಿಗೆ ಹಾಡಬಹುದಾ?

ಶ್ರುತಿಪೆಟ್ಟಿಗೆ
ಆಗಲ್ಲ. ಮಾತಿಗೆ ಒಂದು ಕಡೆಯ ತಡ 150 ಮಿಲಿಸೆಕೆಂಡ್ ತನಕ ಇದ್ರೂ ಅಡ್ಡಿ ಅನ್ನಿಸಲ್ಲ. ತಾಳಕ್ಕೆ ಅಷ್ಟು ತಡ ನಡೆಯಲ್ಲ, 25-30 ಮಿಲಿಸೆಕೆಂಡ್ ದಾಟಿದ್ರೆ ಒಬ್ಬರಿಗೊಬ್ಬರು ಕಾಯ್ತಾ ಕಾಯ್ತಾ ಹಾಡು ತೆವಳೋಕೆ ಶುರುವಾಗುತ್ತೆ. ಒಬ್ಬರು ಹಾಡಲಿ, ಉಳಿದವರು ಮ್ಯೂಟ್ ಮಾಡ್ಕೊಂಡು ತಮ್ಮ ಮನೆಯಲ್ಲಿ ದನಿಗೂಡಿಸಲಿ.

ಒಂದೇ ಕೋಣೆಯಲ್ಲಿ ಹಾಡೋದಾದ್ರೆ ಅದರಷ್ಟು ಬೇಗ ಜನರನ್ನ ಹತ್ತಿರ ತರೋದು ಬೇರೆ ಅಷ್ಟಾಗಿ ಸಿಗಲ್ಲ. ಪಿಯರ್ಸ್, ಲಾನೇ, ಡನ್‌ಬಾರ್ 2015ರಲ್ಲಿ ಹೊಸದಾಗಿ ಶುರುವಾದ ತರಗತಿಗಳನ್ನ ಹೋಲಿಸಿದ್ರು. ಹಾಡೋ ಗುಂಪು ಒಂದು ಕಡೆ, ಕರಕುಶಲ ಮತ್ತು ಬರವಣಿಗೆ ಗುಂಪು ಇನ್ನೊಂದು ಕಡೆ. ಏಳು ತಿಂಗಳ ಹೊತ್ತಿಗೆ ಎಲ್ಲಾ ಗುಂಪೂ ಸುಮಾರಾಗಿ ಒಂದೇ ಮಟ್ಟಕ್ಕೆ ಬಂತು, ಆದ್ರೆ ಮೊದಲ ತಿಂಗಳಲ್ಲಿ ಹಾಡೋರು ಬಹಳ ಬೇಗ ಹತ್ತಿರ ಆಗಿದ್ರು. ದನಿ ಚೆನ್ನಾಗಿಲ್ಲ ಅಂತ ಹಿಂಜರಿಯೋರು ಗುಂಪುಗಾಯನ ಹುಡುಕಿ, ಅಲ್ಲಿ ನಿಮ್ಮದೊಂದೇ ದನಿ ಯಾರಿಗೂ ಕೇಳಲ್ಲ.

ಹಳೇ_ಕ್ಯಾಸೆಟ್
ಎದುರಾ ಎದುರು ಸಿಗೋ ಇನ್ನೊಂದು ಜಾಗ ಲೈವ್ ಕಾರ್ಯಕ್ರಮ. ಆದ್ರೆ ನಡೀತಿರೋವಾಗ ಪಕ್ಕದವರನ್ನ ಮಾತಾಡಿಸೋಕೆ ಹೋಗಬೇಡಿ, ಕಿರಿಕಿರಿ ಅಷ್ಟೇ. ಆರಂಭಕ್ಕೆ 30-40 ನಿಮಿಷ ಮುಂಚೆ ಹೋಗಿ ಸಾಲಲ್ಲಿ ನಿಂತಾಗ, ಅಥವಾ ನಡುವೆ ಬಿಡುವಿದ್ದಾಗ ಮಾತಾಡಿ. ‘ಇವತ್ತು ಯಾವುದು ಹಾಡಬೇಕು ಅಂತ ಕಾಯ್ತಿದ್ದೀರಿ?’ ಅಷ್ಟು ಸಾಕು. ಕಿವಿಗೆ ಇಯರ್‌ಪ್ಲಗ್ ಇರಲಿ. 85 ಡೆಸಿಬಲ್‌ಗೆ 8 ಗಂಟೆ ಮಿತಿ ಅಂದ್ರೆ, ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧ ಆಗುತ್ತೆ, 100ಕ್ಕೆ ಬರೋ ಹೊತ್ತಿಗೆ 15 ನಿಮಿಷ.

ಎಡಗಡೆ_ಸ್ಪೀಕರ್
ಸಾಲಿನ್ಯಾಗ ಒಂದು ಕೆಟ್ಟ ಚಟ ಕಾಣತೈತಿ. ‘ಅವರ ಮೊದಲನೇ ಆಲ್ಬಮ್ ಕೇಳೀರೇನು? ಇಲ್ಲಾ? ಹಂಗಾರ ಎಂಥಾ ಅಭಿಮಾನಿ ನೀವು?’ ಅಂತ ಬಾಯಿಪರೀಕ್ಷಾ. ಮೊನ್ನೆ ಮೊನ್ನೆ ಕೇಳಾಕ ಹತ್ತಿದವರಿಗೆ ‘ಅಬಾ, ನಿಮಗಿನ್ನ ಎಲ್ಲಾ ಹೊಸಾದು ಐತಿ’ ಅನ್ರಿ. ಒಂದು ಹಾಡು ಹೇಳ್ರಿ, ಹತ್ತಲ್ಲ.

ಸ್ಕಿಪ್_ಇಂಟ್ರೋ
ಗಂಟೆ ಲೆಕ್ಕ ಹೇಳ್ತೀನಿ. ಜೆಫ್ರಿ ಹಾಲ್ ಅನ್ನೋರ 2018ರ ಅಧ್ಯಯನದ ಪ್ರಕಾರ ಬರೀ ಪರಿಚಯದವರು ಸಾಧಾರಣ ಸ್ನೇಹಿತರಾಗೋಕೆ ಸುಮಾರು 50 ಗಂಟೆ ಜೊತೆಗಿರಬೇಕು, ಸ್ನೇಹಿತರಾಗೋಕೆ 90, ಆಪ್ತರಾಗೋಕೆ 200ಕ್ಕೂ ಮೇಲೆ. ವಾರಕ್ಕೆ 45 ನಿಮಿಷದ ಒಂದು ಕಂತು, ಮೇಲೆ ಅರ್ಧ ಗಂಟೆ ಮಾತು ಅಂದ್ರೆ 75 ನಿಮಿಷ. 50 ಗಂಟೆಗೆ 40 ವಾರ! ವಾರಕ್ಕೆ ಎರಡು ಸಲ ಕೂತ್ರೆ 20 ವಾರ. ಮೂರನೇ ದಿನಕ್ಕೆ ಮಾತು ಖಾಲಿ ಆಯ್ತು ಅಂತ ಅಳೋರಿಗೆ ಇದು.

ಬಿಸಿಲು_ಮಳೆ
ಬಾಯಿ ಮುಚ್ಕೊಂಡು ಪರದೆ ನೋಡಿದ ಗಂಟೇನೂ ಸೇರಿಸ್ತೀರಾ? ಅದು ಬಸ್ಸಲ್ಲಿ ಪಕ್ಕದ ಸೀಟಲ್ಲಿ ಕೂತ ಹಾಗೆ.

ಸ್ಕಿಪ್_ಇಂಟ್ರೋ
ಪೂರ್ತಿ ಒಪ್ಪಲ್ಲ. ಒಟ್ಟಿಗೆ ಬೆಚ್ಚಿಬಿದ್ದಿದ್ದು, ಒಟ್ಟಿಗೆ ನಕ್ಕಿದ್ದು ಕೂಡ ಲೆಕ್ಕವೇ. ಅದೇ ಅಧ್ಯಯನದಲ್ಲಿ ಕೆಲಸದ ಜಾಗದಲ್ಲಿ ಜೊತೆಗೆ ಕಳೆದ ಗಂಟೆಗೆ ಅಷ್ಟು ತೂಕ ಬರಲಿಲ್ಲ, ಬಿಡುವಲ್ಲಿ ತಾವಾಗಿ ಕೂತ ಗಂಟೆಗೆ ಬಂತು. ಆದ್ರೆ ಮೇಲಿನ ಅರ್ಧ ಗಂಟೆ ಬಿಡಬೇಡಿ, ಅದಿಲ್ದೆ ಉಳಿದದ್ದು ಸೊರಗುತ್ತೆ. ಕಂತು ಮುಗಿದ ಕೂಡಲೇ ಮುಂದಿನದು ತಾನಾಗೇ ಶುರುವಾಗೋ ಸೆಟಿಂಗ್ ಆಫ್ ಮಾಡಿಡಿ. ಮಾತು ಕೊಲ್ಲೋದೇ ಅದು.

ಮ್ಯೂಟ್_ಬಟನ್
ಸರಿಯಾಗಿ ಹೇಳಿದ್ರಿ. ಇನ್ನು ಯಾವ ಸೀರಿಯಲ್ ಅಂತ ಆರಿಸುವುದು. ಮುಗಿದ ಸರಣಿ, 8ರಿಂದ 10 ಕಂತು, ಅರ್ಧದಿಂದ ಮುಕ್ಕಾಲು ಗಂಟೆ. ಆರು ಸೀಸನ್‌ನದ್ದು ಮೊದಲಿಗೇ ಹಿಡಿದರೆ ಸಾಲ ತೆಗೆದ ಹಾಗೆ. ಇಬ್ಬರೂ ನೋಡದ್ದೇ ಆಗಬೇಕು. ಒಬ್ಬರು ಈಗಾಗಲೇ ನೋಡಿದ್ದರೆ ಅವರು ಪರದೆ ಬಿಟ್ಟು ನಿಮ್ಮ ಮುಖವನ್ನೇ ನೋಡ್ತಾ ‘ಈಗ ನೋಡಿ, ಈಗ ನೋಡಿ’ ಅಂತಾರೆ. ಎರಡು ಕಂತು ಆದ ಮೇಲೆ ಬಿಡುವುದಾ ಮುಂದುವರಿಸುವುದಾ ಅಂತ ಕೇಳಿಕೊಳ್ಳಿ. ಒಬ್ಬರಿಗೆ ಬೇಡವಾದರೂ ಬಿಡಿ, ದಾಕ್ಷಿಣ್ಯಕ್ಕೆ ಎಳೆದದ್ದು ಐದನೆಯ ಕಂತಿಗೆ ‘ಇವತ್ತು ಸ್ವಲ್ಪ ಕೆಲಸ ಉಂಟು’ ಆಗ್ತದೆ.

ಅರ್ಧರಾತ್ರಿ_ರೇಡಿಯೋ
ಐದಾರು ಜನರ ಗುಂಪಾದ್ರೆ ಒಬ್ಬರು ಮುಂದಿನ ಕಂತು ನೋಡಿ ಬಾಯಿ ಬಿಡ್ತಾರಲ್ಲ, ಅದಕ್ಕೇನು ಮದ್ದು?

ಹಳೇ_ಕ್ಯಾಸೆಟ್
ಕಥೆ ಗೊತ್ತಾದ್ರೆ ಮಜಾ ಹೆಚ್ಚುತ್ತೆ ಅಂತ 2011ರಲ್ಲಿ ಅಧ್ಯಯನ ಬಂದಿತ್ತು, ಲೆವಿಟ್ ಮತ್ತು ಕ್ರಿಸ್ಟೆನ್‌ಫೆಲ್ಡ್ ಅವರದ್ದು.

ಬಿಸಿಲು_ಮಳೆ
ಅದು ಸಣ್ಣಕಥೆ ಓದೋರ ಮೇಲೆ ಮಾಡಿದ್ದು ಸ್ವಾಮಿ! ಎರಡು ತಿಂಗಳು ಕಾದು ಕೂತು ನೋಡೋ ಸೀರಿಯಲ್‌ಗೆ ಅದನ್ನ ತಂದು ಅಂಟಿಸಬೇಡಿ. ಬಾಯಿ ಬಡುಕರಿಗೆ ನೆಪ ಕೊಟ್ಟ ಹಾಗೆ ಆಗುತ್ತೆ.

ಹಳೇ_ಕ್ಯಾಸೆಟ್
ಸರಿ, ಒಪ್ಪಿದೆ. ಮದ್ದು ಹೀಗೆ: ಮೆಸೇಜ್ ಶುರುವಲ್ಲೇ ಸೀಸನ್ ಮತ್ತು ಕಂತಿನ ಸಂಖ್ಯೆ, ಆಮೇಲೆ ವಿಷಯ. ಡಿಸ್ಕಾರ್ಡ್, ಟೆಲಿಗ್ರಾಂ ಎರಡರಲ್ಲೂ ವಾಕ್ಯದ ಹಿಂದೆ ಮುಂದೆ ಎರಡೆರಡು ನೇರ ಗೆರೆ (||) ಹಾಕಿದ್ರೆ ಒತ್ತೋ ತನಕ ಮುಚ್ಚಿರುತ್ತೆ. ಆ ಸೌಕರ್ಯ ಇಲ್ಲದ ಕಡೆ ಮೊದಲ ಸಾಲು ‘2ನೇ ಸೀಸನ್, 4ನೇ ಕಂತು’ ಅಂತ ಬರೆದು, ಹತ್ತು ಖಾಲಿ ಸಾಲು ಬಿಟ್ಟು ಬರೀರಿ. ‘ಏನೂ ಹೇಳಲ್ಲಪ್ಪಾ, ಆದ್ರೆ ಕೊನೇಲಿ ನೋಡಿ...’ ಇದೂ ಬಾಯಿ ಬಿಟ್ಟ ಲೆಕ್ಕವೇ. ಕೊನೇಲಿ ಏನೋ ಇದೆ ಅಂತ ಗೊತ್ತಾಯ್ತಲ್ಲ.

ಕಿಟಕಿ_ಪರದೆ
ಇಲ್ಲಿ ಯಾರೂ ಹೇಳದೇ ಇರೋದು ಒಂದಿದೆ. ನೀವು ಕೇಳೋ ಹಾಡಿನ ಇತಿಹಾಸ ಎಲ್ಲರಿಗೂ ಕಾಣೋ ಹಾಗಿದ್ರೆ ನೀವು ಎಷ್ಟು ಹೊತ್ತಿಗೆ ಏಳ್ತೀರಿ, ಯಾವಾಗ ಮಲಗ್ತೀರಿ, ಯಾವ ರಾತ್ರಿ ನಿದ್ದೆ ಬಂದಿಲ್ಲ, ಎಲ್ಲಾ ಅಲ್ಲಿರುತ್ತೆ. ಹೊಸಬರಿಗೆ ಅಷ್ಟು ಬೇಡ. ಲಾಸ್ಟ್.ಎಫ್‌ಎಂನಲ್ಲಿ ಇತ್ತೀಚೆಗೆ ಕೇಳಿದ್ದನ್ನ ಮುಚ್ಚಿಡೋ ಆಯ್ಕೆ ಇದೆ, ಸ್ಪಾಟಿಫೈನಲ್ಲಿ ಕೇಳ್ತಿರೋದು ತೋರಿಸೋದನ್ನ ನಿಲ್ಲಿಸಬಹುದು. ಪ್ಲೇಲಿಸ್ಟ್ ಹೆಸರಲ್ಲಿ ಮಕ್ಕಳ ಹೆಸರು, ಆಫೀಸಿನ ಹೆಸರು ಇದ್ರೆ ಬದಲಾಯಿಸಿ. ಎಲ್ಲಾ ಕಡೆ ಒಂದೇ ಅಡ್ಡಹೆಸರು ಇಟ್ಕೊಂಡಿದ್ರೆ ಒಂದು ಎಳೆ ಹಿಡಿದು ಎಲ್ಲಾ ಕಡೆ ಹುಡುಕಬಹುದು.

ಪಾಸ್‌ವರ್ಡ್ ಹಂಚಬೇಡಿ, ‘ಒಂದೇ ಕಂತು ನೋಡಿ ವಾಪಸ್ ಮಾಡ್ತೀನಿ’ ಅಂದ್ರೂ. ಮೊದಲ ಭೇಟಿ ಹಗಲು ಹೊತ್ತು, ಜನ ಇರೋ ಜಾಗದಲ್ಲಿ. ಹೋಗಿ ಬರೋ ವ್ಯವಸ್ಥೆ ನಿಮ್ಮದೇ ಇರಲಿ, ಎಲ್ಲಿಗೆ ಹೋಗ್ತಿದ್ದೀರಿ ಅಂತ ಒಬ್ಬರಿಗಾದ್ರೂ ಗೊತ್ತಿರಲಿ. ‘ಮನೇಲಿ ಒಳ್ಳೆ ಸ್ಪೀಕರ್ ಇದೆ, ಅಲ್ಲೇ ಕೇಳೋಣ’ ಅನ್ನೋದಕ್ಕೆ ಮೊದಲ ಸಲ ಬೇಡ ಅಂದ್ರೆ ಅದು ಒರಟುತನ ಅಲ್ಲ. ಅದಕ್ಕೆ ಮುಖ ಗಂಟಿಕ್ಕೋರು ಆದ್ರೆ ಅಲ್ಲೇ ಗೊತ್ತಾಯ್ತಲ್ಲ.

ಎಡಗಡೆ_ಸ್ಪೀಕರ್
ಖರೇ ಮಾತು ರೀ.

ಅರ್ಧರಾತ್ರಿ_ರೇಡಿಯೋ
ಎಲ್ಲರಿಗೂ ಥ್ಯಾಂಕ್ಸ್. ವಾರಕ್ಕೆರಡು ದಿನ, 8 ಕಂತಿನ ಸರಣಿ, ಕಂತು ಆದ ಮೇಲೆ ಅರ್ಧ ಗಂಟೆ, 20 ಹಾಡಿನ ಪ್ಲೇಲಿಸ್ಟ್. ಕೊನೆಯ ಪ್ರಶ್ನೆ: ಬೇರೆ ಬೇರೆ ದೇಶದಲ್ಲಿರೋರಾದ್ರೆ ಸಮಯ ಹೇಗೆ ನಿಗದಿ ಮಾಡೋದು?

ಸ್ಕಿಪ್_ಇಂಟ್ರೋ
ಒಬ್ಬರ ಗಡಿಯಾರಕ್ಕೆ ಕಟ್ಟಿಹಾಕಿ, ಉಳಿದವರು ಅದಕ್ಕೆ ಹೊಂದ್ಕೊಳ್ಳಿ. ಕ್ಯಾಲೆಂಡರ್ ಆಹ್ವಾನ ಕಳಿಸಿದ್ರೆ ಅದೇ ಲೆಕ್ಕ ಹಾಕುತ್ತೆ. ಮಾರ್ಚ್‌ನಲ್ಲಿ ಹುಷಾರು: ಅಮೆರಿಕದ ಬಹುಪಾಲು ಕಡೆ ಗಡಿಯಾರ ತಿರುಗಿಸೋದು ಎರಡನೇ ಭಾನುವಾರ, ಯುರೋಪಿನಲ್ಲಿ ಕೊನೇ ಭಾನುವಾರ, ಎಷ್ಟೋ ದೇಶದಲ್ಲಿ ತಿರುಗಿಸೋದೇ ಇಲ್ಲ. ನಡುವಿನ ಆ ಎರಡು ಮೂರು ವಾರ ಯಾರೋ ಒಬ್ಬರು ಒಂದು ಗಂಟೆ ಮುಂಚೆ ಬಂದು ಖಾಲಿ ಕಾಲ್‌ನಲ್ಲಿ ಕೂತಿರ್ತಾರೆ.

ಬಿಸಿಲು_ಮಳೆ
ಒಂದು ಅನುಮಾನ. ‘ಒಂದು’ ಅಂದಾಗ ಒತ್ತಬೇಕಾ?

ಮ್ಯೂಟ್_ಬಟನ್
‘ಒತ್ತು’ ಅಂದಾಗ ಮಾರಾಯ್ರೆ! ‘ಒತ್ತು’ ಅಂದಾಗ!